ಎಂಬ್ರಿಯೊ ಸ್ಟೋರೇಜ್ ಸರ್ವಿಸ್: ಟ್ಯಾಂಕ್ ಚೆನ್ನಾಗಿ ನೋಡ್ಕೋತಾರೆ, ಆದ್ರೆ ಆ ಮೂರನೇ ಟಿಕ್ ಬಗ್ಗೆ ಕೇಳಿದ್ರೆ ಉತ್ತರ ಇಲ್ಲ (5ಕ್ಕೆ 3)

ಬೆಂಗಳೂರಿನ ಒಂದು ಐವಿಎಫ್ ಸೆಂಟರ್ ಬಗ್ಗೆ ಬರೀತಿದೀನಿ, ಹೆಸರು ಹಾಕಲ್ಲ, ನನ್ನ ಮಗಳು ಹುಟ್ಟಿದ್ದು ಅವರಿಂದ್ಲೇ, ಆ ಋಣ ಇದೆ. ಆದ್ರೆ ಹೇಳ್ದೇ ಇದ್ರೆ ಮನಸ್ಸು ತಡೀತಿಲ್ಲ.

ಟ್ರೀಟ್‌ಮೆಂಟ್ ಬಗ್ಗೆ ಏನೂ ದೂರಿಲ್ಲ. ನಮ್ಗೆ ಐದು ಎಂಬ್ರಿಯೊ (ಲ್ಯಾಬ್‌ನಲ್ಲಿ ಬೆಳೆಸಿದ ಭ್ರೂಣ) ಆಗಿದ್ವು, ಮೊದಲನೇದು ನಿಲ್ಲಲಿಲ್ಲ, ಎರಡನೇದೇ ನನ್ನ ಮಗಳು, ಈಗ ಅವಳಿಗೆ ಮೂರು ವರ್ಷ. ಉಳಿದ ಮೂರು ಮೈನಸ್ 196 ಡಿಗ್ರಿ ಲಿಕ್ವಿಡ್ ನೈಟ್ರೋಜನ್ ಒಳಗಿವೆ. ವರ್ಷಕ್ಕೆ 22,000 ಕಟ್ತೀವಿ, ಡ್ಯೂ ಡೇಟ್‌ಗೆ ಮುಂಚೇನೇ ಮೆಸೇಜ್ ಬರುತ್ತೆ, ಬಿಲ್‌ನಲ್ಲಿ ಒಂದು ರೂಪಾಯಿ ಹೆಚ್ಚುಕಮ್ಮಿ ಇರಲ್ಲ. ಇದಕ್ಕೆಲ್ಲ ಪೂರ್ತಿ ಮಾರ್ಕ್ಸ್.

ಈ ಸಲ ರಿನ್ಯೂವಲ್‌ಗೆ ಹೋದಾಗ ಒಂದು ಫಾರಂ ಕೊಟ್ರು, ಅದ್ರಲ್ಲಿ ಮೂರು ಬಾಕ್ಸ್. ಇನ್ನೂ ಇಟ್ಕೋಬೇಕಾ, ಹಾಗೇ ನಾಶ ಆಗೋಕೆ ಬಿಡ್ಬೇಕಾ, ಇಲ್ಲ ಸಂಶೋಧನೆಗೆ ಕೊಡ್ಬೇಕಾ. ಕೌಂಟರ್‌ನಲ್ಲಿದ್ದ ಹುಡುಗಿ "ಯಾವ್ದಾದ್ರೂ ಒಂದಕ್ಕೆ ಟಿಕ್ ಮಾಡಿ ಮೇಡಂ, ಸುಮಾರು ಜನ ಮೂರನೇದಕ್ಕೇ ಮಾಡ್ತಾರೆ" ಅಂದ್ಲು. ಯಾವ ಸಂಶೋಧನೆ, ಯಾರು ಮಾಡ್ತಾರೆ, ಏನು ಮಾಡ್ತಾರೆ ಅಂತ ಕೇಳ್ದೆ. "ಅದೆಲ್ಲ ಫಾರ್ಮಾಲಿಟಿ ಮೇಡಂ." ಪಾಪ ಅವಳದ್ದೇನೂ ತಪ್ಪಿಲ್ಲ, ಅವಳಿಗೂ ಯಾರೂ ಹೇಳ್ಕೊಟ್ಟಿಲ್ಲ. ಆದ್ರೆ ಆ ಮೂರರಲ್ಲಿ ಯಾವ್ದು ಬೇಕಾದ್ರೂ ನನ್ನ ಮಗಳಾಗಿರಬಹುದಿತ್ತಲ್ವಾ, ಅದನ್ನ ಫಾರ್ಮಾಲಿಟಿ ಅಂದಾಗ ಕೈಯಲ್ಲಿದ್ದ ಪೆನ್ ಹಾಗೇ ನಿಂತೋಯ್ತು.

ಸಹಿ ಹಾಕಲ್ಲ, ಯಾರಾದ್ರೂ ಕೂತು ಹೇಳಿ ಅಂತ ಹಟ ಹಿಡಿದೆ. ಒಂದೂವರೆ ಗಂಟೆ ಕಾದ್ಮೇಲೆ ಅಲ್ಲಿನ ಎಂಬ್ರಿಯಾಲಜಿಸ್ಟ್, ಅಂದ್ರೆ ಲ್ಯಾಬ್‌ನಲ್ಲಿ ಎಂಬ್ರಿಯೊ ನೋಡ್ಕೊಳ್ಳೋ ತಜ್ಞರು, ಬಂದ್ರು, ನಾನು ಕೊಟ್ಟಿರೋ ಮೂರು ಸ್ಟಾರ್‌ನಲ್ಲಿ ಒಂದು ಪೂರ್ತಿ ಅವರದ್ದೇ. ಯಾವ್ದನ್ನೂ ಮುಚ್ಚಿಡದೆ ಹೇಳಿದ್ರು. ಐದನೇ ದಿನದ ಎಂಬ್ರಿಯೊ ಅಂದ್ರೆ ಸುಮಾರು ನೂರು ಸೆಲ್‌ನ ಒಂದು ಗುಳ್ಳೆ, ಅದರ ಒಳಗಡೆ ಇರೋ ಸಣ್ಣ ಗುಂಪನ್ನ ತೆಗೆದು ಬೆಳೆಸಿದ್ರೆ ಅದು ಸ್ಟೆಮ್ ಸೆಲ್, ನರ ಆಗ್ಬೇಕೋ ಹೃದಯದ ಸೆಲ್ ಆಗ್ಬೇಕೋ ಇನ್ನೂ ತೀರ್ಮಾನ ಆಗದೇ ಇರೋ ಸೆಲ್. ಹಾಗೆ ತೆಗೆದ್ಮೇಲೆ ಎಂಬ್ರಿಯೊ ಉಳಿಯಲ್ಲ. ಈ ಮಾತನ್ನ ಅವರು ನನ್ನ ಮುಖ ನೋಡ್ಕೊಂಡೇ ಹೇಳಿದ್ರು.

ಅಮೆರಿಕದಲ್ಲಿ 1998ರಲ್ಲಿ ಜೇಮ್ಸ್ ಥಾಮ್ಸನ್ ಅನ್ನೋ ವಿಜ್ಞಾನಿ ಮೊದಲ ಸಲ ಮನುಷ್ಯರ ಎಂಬ್ರಿಯೊನಿಂದ ಇದನ್ನ ಮಾಡಿದಾಗಿಂದ್ಲೂ ಜಗಳ ಇರೋದು ಇದೇ ಒಂದು ಜಾಗದಲ್ಲಂತೆ, ಎಂಬ್ರಿಯೊ ಉಳಿಯಲ್ಲ ಅನ್ನೋದ್ರಲ್ಲಿ. ಇದು ಬರೀ ಅಲ್ಲಿಯ ಕಥೆ ಅಂತ ಅನ್ಕೊಂಡಿದ್ದೆ, ಆದ್ರೆ ನಮ್ಮ ಜಕ್ಕೂರಿನ ಜವಾಹರಲಾಲ್ ನೆಹರು ಸೆಂಟರ್ ಅನ್ನೋ ವಿಜ್ಞಾನ ಸಂಸ್ಥೇಲೇ ಮನೀಷಾ ಇನಾಮ್‌ದಾರ್ ಅವರ ತಂಡ ಎರಡು ಸ್ಟೆಮ್ ಸೆಲ್ ಲೈನ್ (ಲ್ಯಾಬ್‌ನಲ್ಲಿ ಬೆಳೀತಾನೇ ಇರೋ ಸೆಲ್‌ಗಳ ಸಂತತಿ) ಮಾಡಿದ್ದಾರೆ, 2009ರಲ್ಲಿ ಪ್ರಕಟ ಆಯ್ತು. ಗ್ರೇಡ್ ಕಮ್ಮಿ ಇದೆ, ಗರ್ಭಕ್ಕೆ ಹಾಕೋಕಾಗಲ್ಲ ಅಂತ ಪಕ್ಕಕ್ಕಿಟ್ಟಿದ್ದ ಎಂಬ್ರಿಯೊಗಳಿಂದ. ಎರಡೂ ಒಡಹುಟ್ಟಿದವು, ಅಂದ್ರೆ ಒಂದೇ ಅಪ್ಪ ಅಮ್ಮನ ಎಂಬ್ರಿಯೊಗಳಿಂದ ಬಂದವು. ಆ ಒಡಹುಟ್ಟಿದವು ಅನ್ನೋ ಮಾತು ಮನೆಗೆ ಬರೋವರೆಗೂ ತಲೇಲೇ ಇತ್ತು.

ಕಾನೂನೂ ಅವತ್ತೇ ಗೊತ್ತಾಗಿದ್ದು. ಐವಿಎಫ್‌ನಂಥ ಚಿಕಿತ್ಸೆಗಳಿಗಿರೋ 2021ರ ಎಆರ್‌ಟಿ ಕಾಯ್ದೆ ಪ್ರಕಾರ ಹತ್ತು ವರ್ಷಕ್ಕಿಂತ ಜಾಸ್ತಿ ಇಡೋ ಹಾಗಿಲ್ಲ, ಆಮೇಲೆ ನಾಶ ಆಗೋಕೆ ಬಿಡ್ಬೇಕು, ಇಲ್ಲ ದಂಪತಿ ಒಪ್ಪಿದ್ರೆ ನೋಂದಣಿ ಆಗಿರೋ ಸಂಸ್ಥೆಗೆ ಸಂಶೋಧನೆಗೆ ಕೊಡ್ಬಹುದು. ಮಾರೋ ಹಾಗಿಲ್ಲ, ಸಂಶೋಧನೆಗೆ ಅಂತ ಹೊರದೇಶಕ್ಕೆ ಕಳ್ಸೋ ಹಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಲ್ಯಾಬ್‌ನಲ್ಲಿ 14 ದಿನ ದಾಟಿ ಬೆಳೆಸೋ ಹಾಗಿಲ್ಲ. ಇಷ್ಟನ್ನ ಒಂದು ಹಾಳೇಲಿ ಕನ್ನಡದಲ್ಲಿ ಪ್ರಿಂಟ್ ಮಾಡಿ ಕೊಡೋಕೆ ಏನು ಕಷ್ಟ? ಫಾರಂ ಪೂರ್ತಿ ಇಂಗ್ಲಿಷ್, ನನ್ನ ಪಕ್ಕ ಕೂತಿದ್ದ ತುಮಕೂರು ಕಡೆಯ ದಂಪತಿ ಓದದೇ ಸಹಿ ಹಾಕಿ ಹೋದ್ರು.

ಇನ್ನೊಂದು ವಿಷ್ಯ, ಕಾರಿಡಾರ್‌ನಲ್ಲೇ ಹೊಕ್ಕುಳಬಳ್ಳಿ ರಕ್ತ ಇಡೋ ಕಂಪನಿಯವ್ರ ಟೇಬಲ್ ಇದೆ, ಅವ್ರೂ ಸ್ಟೆಮ್ ಸೆಲ್ ಅಂತಾನೇ ಹೇಳೋದು. ಅದು ಬೇರೆ, ಇದು ಬೇರೆ, ಅದಕ್ಕೆ ಯಾವ ಎಂಬ್ರಿಯೊನೂ ಹೋಗಲ್ಲ. ಒಂದೇ ಪದ ಕೇಳಿ ಜನ ಎರಡನ್ನೂ ಕಲಸಿಕೊಳ್ತಾರೆ.

ಮನೇಲಿ ಹೇಳ್ದಾಗ ನಮ್ಮಮ್ಮ "ಜೀವ ಅಲ್ವೇನೇ ಅದು, ಬೇಡ" ಅಂದ್ಬಿಟ್ರು. ನಮ್ಮತ್ತೆ ಸ್ವಲ್ಪ ಹೊತ್ತು ಸುಮ್ನಿದ್ದು "ಅಪ್ಪು ಕಣ್ಣು ಕೊಟ್ಟಂಗೇ ಅಲ್ವೇನಮ್ಮ ಇದೂ" ಅಂದ್ರು. 2021ರಲ್ಲಿ ಪುನೀತ್ ಹೋದಾಗ ಅತ್ತೆನೂ ನೇತ್ರದಾನಕ್ಕೆ ಹೆಸರು ಬರೆಸಿದ್ರು, ಅದಕ್ಕೇ ಅವ್ರಿಗೆ ಹಾಗನ್ಸಿದ್ದು. ನಂಗೂ ಆ ಮಾತು ಹಿಡಿಸ್ತು, ಆದ್ರೆ ಪೂರ್ತಿ ಸಮಾಧಾನ ಆಗಲಿಲ್ಲ. ಕಣ್ಣು ಕೊಡೋರು ಅವರೇ ಮನಸ್ಸು ಮಾಡಿ ಬರೆದಿಟ್ಟಿರ್ತಾರೆ, ಇಲ್ಲಿ ಆ ಮೂರರ ಪರವಾಗಿ ಹೇಳ್ಬೇಕಿರೋದು ನಾವಿಬ್ರೇ.

ಯಮನಾಕ ಅನ್ನೋ ಜಪಾನಿನ ವಿಜ್ಞಾನಿ 2007ರಲ್ಲಿ ಮನುಷ್ಯರ ಚರ್ಮದ ಸೆಲ್‌ನಿಂದ್ಲೇ ಇಂಥ ಸೆಲ್ ಮಾಡಿ ತೋರ್ಸಿದ್ದಾರಲ್ಲ, ಮತ್ಯಾಕೆ ಎಂಬ್ರಿಯೊ ಅಂತಾನೂ ಅವತ್ತು ಆ ಎಂಬ್ರಿಯಾಲಜಿಸ್ಟ್‌ನ ಕೇಳಿದ್ದೆ. ಆ ಸೆಲ್ ಸರಿಯಾಗಿ ಆಗಿದ್ಯಾ ಅಂತ ಹೋಲಿಸಿ ನೋಡೋಕೆ, ಮೊದಲ ದಿನಗಳಲ್ಲೇ ಗರ್ಭ ಯಾಕೆ ನಿಲ್ಲಲ್ಲ ಅಂತ ತಿಳ್ಕೊಳ್ಳೋಕೆ ಇನ್ನೂ ಬೇಕು ಅಂದ್ರು. ನಮ್ಮ ಮೊದಲನೇದು ನಿಲ್ಲದೇ ಹೋಗಿತ್ತಲ್ಲ, ಆ ಮಾತು ನೇರ ಎದೆಗೇ ನಾಟ್ತು.

ಈಗ ನನ್ನ ಮನಸ್ಸಲ್ಲಿ ಇರೋದು ಇಷ್ಟು. ಹೆಂಗಿದ್ರೂ ಟ್ಯಾಂಕ್‌ನಿಂದ ತೆಗೆದು ಬಿಸಾಕೋದೇ ಆದ್ರೆ, ಅದಕ್ಕಿಂತ ಇನ್ನೊಬ್ರ ಕಾಯಿಲೆ ಅರ್ಥ ಮಾಡ್ಕೊಳ್ಳೋಕೆ ಕೊಡೋದು ತಪ್ಪಲ್ಲ ಅಂತ ನಂಬ್ತೀನಿ. ಆದ್ರೆ ಯಾರಿಗೆ, ಯಾತಕ್ಕೆ ಅಂತ ತಿಳಿಸ್ದೇ, ಹಿಂದೆ ಕ್ಯೂ ನಿಲ್ಲಿಸ್ಕೊಂಡು ಹಾಕಿಸ್ಕೊಳ್ಳೋ ಟಿಕ್‌ಗೆ ಒಪ್ಪಿಗೆ ಅನ್ನೋಕೆ ನಾನು ತಯಾರಿಲ್ಲ.

ನೀವು ಹೋಗೋದಾದ್ರೆ ಫಾರಂ ಒಂದು ವಾರ ಮುಂಚೇನೇ ವಾಟ್ಸಾಪ್‌ಗೆ ಕಳ್ಸಿ ಅಂತ ಕೇಳಿ, ಕಳಿಸ್ತಾರೆ. ಕೌಂಟರ್ ಬಿಟ್ಟು ಎಂಬ್ರಿಯಾಲಜಿಸ್ಟ್ ಹತ್ರಾನೇ ಟೈಮ್ ತಗೊಳ್ಳಿ. ನಾವು ಈ ವರ್ಷಕ್ಕೆ ಮೊದಲನೇ ಬಾಕ್ಸ್‌ಗೇ ಟಿಕ್ ಮಾಡಿ ದುಡ್ಡು ಕಟ್ಟಿ ಬಂದ್ವಿ. ಎಂಬ್ರಿಯೊ ಯಾವ ಸಂಸ್ಥೆಗೆ ಹೋಗುತ್ತೆ ಅಂತ ಬರವಣಿಗೇಲಿ ಕೊಡಿ ಅಂತ ನಮ್ಮನೆಯವರು ಲೆಟರ್ ಕೊಟ್ಟು ಎರಡು ತಿಂಗಳಾಯ್ತು, ಉತ್ತರ ಬಂದಿಲ್ಲ. ಬಂದ ದಿನ ಈ ರಿವ್ಯೂನಲ್ಲೇ ಅಪ್‌ಡೇಟ್ ಮಾಡ್ತೀನಿ.