ಮಕ್ಕಳು ಗೀಚಿದ ಕಾರಿಗೆ ಸ್ಕ್ರಾಚ್ ರಿಮೂವರ್ ಕಿಟ್: ಹೂವು ಹೋಯ್ತು, ಕಾಂಡ ಉಳೀತು

ಮೊದಲೇ ಹೇಳಿಬಿಡ್ತೀನಿ, ಈ ಕಿಟ್ಟು ಕೆಲಸ ಮಾಡತ್ತೆ, ಆದ್ರೆ ಎಲ್ಲಾ ಗೀರಿಗೂ ಅಲ್ಲ. ಯಾವುದಕ್ಕೆ ಆಗತ್ತೆ ಯಾವುದಕ್ಕೆ ಆಗಲ್ಲ ಅನ್ನೋದು ದುಡ್ಡು ಕೊಡೋ ಮುಂಚೆನೇ ಒಂದು ಲೋಟ ನೀರಲ್ಲಿ ಗೊತ್ತಾಗಿಬಿಡತ್ತೆ, ನಂಗೆ ಅದು ಗೊತ್ತಿರ್ಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಆಗಿದ್ದೇನಂದ್ರೆ ನಮ್ಮ ಬಿಲ್ಡಿಂಗಿನ ಪಾರ್ಕಿಂಗಲ್ಲಿ ಸಂಜೆ ಹೊತ್ತು ಮಕ್ಕಳು ಆಡ್ತಾವೆ, ಆಡ್ಲಿ, ಅವಕ್ಕೆ ಬೇರೆ ಜಾಗ ಇಲ್ಲ. ನನ್ನ ಕಾರು ಕಡುನೀಲಿ, ಮೆಟಾಲಿಕ್ ಬಣ್ಣ, ಸಾಲ ಇನ್ನೂ ನಡೀತಿದೆ. ಒಂದಿನ ಬೆಳಗ್ಗೆ ಕೀ ಹಿಡ್ಕೊಂಡು ಇಳಿದು ನೋಡ್ತೀನಿ, ಹಿಂದಿನ ಡೋರ್ ಮೇಲೆ ಒಂದು ಹೂವು. ಐದು ಎಸಳು, ಉದ್ದಕ್ಕೆ ಒಂದು ಕಾಂಡ, ಎರಡು ಎಲೆ. ಕಲ್ಲಿನ ಚೂರಲ್ಲಿ ಬಿಡಿಸಿದ್ದು, ಚೂರು ಅಲ್ಲೇ ಟೈರ್ ಪಕ್ಕದಲ್ಲೇ ಬಿದ್ದಿತ್ತು. ಜೀವ ಚುರುಕ್ ಅಂತು. ಆಮೇಲೆ ಸುತ್ತ ನೋಡಿದ್ರೆ ಮುಂದಿನ ಡೋರಲ್ಲಿ ಉದ್ದಕ್ಕೆ ಕೂದಲೆಳೆ ಥರ ಒಂದು ಗೀರು, ಎರಡು ಗಾಡಿ ಮಧ್ಯೆ ನುಸುಳೋವಾಗ ಸ್ಕೂಲ್ ಬ್ಯಾಗಿನ ಜಿಪ್ಪೋ ಬಕಲ್ಲೋ ಉಜ್ಜಿದ್ದು, ಹಿಂದಿನ ಬಂಪರಲ್ಲಿ ಸೈಕಲ್ ಹ್ಯಾಂಡಲ್ ತಾಗಿ ಕಪ್ಪಗೆ ಒಂದು ಪಟ್ಟೆ. ಎಷ್ಟು ದಿನದಿಂದ ಇತ್ತೋ, ಹೂವು ಬಂದಮೇಲೇ ಅವೆರಡೂ ಕಣ್ಣಿಗೆ ಬಿದ್ದಿದ್ದು.

ಹೂವು ಬಿಡಿಸಿದ್ದು ಪಕ್ಕದ ಮನೆ ಹುಡುಗಿ, ಆರು ವರ್ಷ. ಅವಳೇ ಬಂದು "ಆಂಟಿ, ನಿಮ್ ಕಾರಿಗೆ ಹೂವು ಬಿಡ್ಸಿದೀನಿ, ನೋಡಿದ್ರಾ?" ಅಂದ್ಲು. ಕದ್ದುಮುಚ್ಚಿ ಏನಿಲ್ಲ, ಖುಷಿಯಾಗೇ ಹೇಳಿದ್ಲು. ಅವಳ ಅಪ್ಪನ ಮುಖ ಮಾತ್ರ ಇಳಿದುಹೋಯ್ತು. "ಮೇಡಂ, ಎಷ್ಟಾಗತ್ತೋ ಹೇಳಿ, ನಾನು ಕೊಡ್ತೀನಿ" ಅಂದ್ರು. ಒಂದೆರಡು ದಿನ ಟೈಮ್ ಕೊಡಿ ಸರ್, ನೋಡಿ ಹೇಳ್ತೀನಿ ಅಂದೆ. ಅವತ್ತು ಬಾಯಿಗೆ ಬಂದಿದ್ದೊಂದು ಮೊತ್ತ ಹೇಳಿಬಿಟ್ಟಿದ್ರೆ ಆಮೇಲೆ ಅವರ ಮುಖ ನೋಡೋಕೆ ನಂಗೇ ಕಷ್ಟ ಆಗ್ತಿತ್ತು.

ವರ್ಕ್‌ಶಾಪಿಗೆ ತೋರಿಸಿದಾಗ ಇಡೀ ಡೋರ್ ಪೇಂಟ್ ಮಾಡಬೇಕು, ಮೆಟಾಲಿಕ್ ಆದ್ರಿಂದ ಪಕ್ಕದ ಪ್ಯಾನೆಲ್ಲಿಗೂ ಸ್ವಲ್ಪ ಬ್ಲೆಂಡ್ ಮಾಡ್ಬೇಕಾಗತ್ತೆ, ಇಲ್ಲಾಂದ್ರೆ ಬಣ್ಣ ಬೇರೆ ಕಾಣತ್ತೆ ಅಂದ್ರು. ಅವರು ಹೇಳಿದ್ದು ಸುಳ್ಳಲ್ಲ. ಆದ್ರೆ ನಂಗೆ ಮನಸ್ಸು ಬರ್ಲಿಲ್ಲ. ಫ್ಯಾಕ್ಟರಿಯಲ್ಲಿ ಬಾಡಿ ಶೆಲ್ ಖಾಲಿ ಇರೋವಾಗಲೇ ಪೇಂಟ್ ಹೊಡೆದು ಸುಮಾರು 140 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿರ್ತಾರೆ, ಹೊರಗಡೆ ರಿಪೇರಿ ಮಾಡೋವಾಗ ಒಳಗೆ ವೈರಿಂಗು ಪ್ಲಾಸ್ಟಿಕ್ಕು ರಬ್ಬರು ಎಲ್ಲಾ ಇರೋದ್ರಿಂದ ಸುಮಾರು 60 ಡಿಗ್ರಿಯಲ್ಲೇ ಒಣಗಿಸ್ತಾರೆ, ಅದಕ್ಕೆ ಪೇಂಟೇ ಬೇರೆ ಥರದ್ದು. ಒಳ್ಳೆ ಪೇಂಟರ್ ಮಾಡಿದ್ರೆ ಗೊತ್ತಾಗದ ಹಾಗೆ ಮಾಡ್ತಾರೆ ನಿಜ, ಆದ್ರೂ ಇರೋ ಒರಿಜಿನಲ್ ಪೇಂಟನ್ನ ಉಳಿಸ್ಕೊಳ್ಳೋಕೆ ಆಗೋದಾದ್ರೆ ಉಳಿಸ್ಕೊಳ್ಳೋದೇ ಮೇಲು ಅನ್ನೋದು ನನ್ನ ಅಭಿಪ್ರಾಯ. ಇನ್ಶೂರೆನ್ಸ್ ಕ್ಲೇಮ್ ಮಾಡೋ ಯೋಚನೆಯೂ ಬಂತು, ಇಷ್ಟು ಸಣ್ಣದಕ್ಕೆ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡದೇ ಇದ್ರೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಕಳ್ಕೊಳ್ಳೋದು ಬೇಡ ಅಂತ ಬಿಟ್ಟೆ.

ಈಗ ನೀರಿನ ವಿಷ್ಯ. ಕಾರಿನ ಪೇಂಟ್ ಒಂದೇ ಪದರ ಅಲ್ಲ, ತಗಡಿನ ಮೇಲೆ ತುಕ್ಕು ಹಿಡೀದೇ ಇರೋ ಕೋಟು, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ ಅಂದ್ರೆ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಬಣ್ಣ ಇಲ್ಲದ ಕ್ಲಿಯರ್ ಕೋಟ್. ಎಲ್ಲಾ ಸೇರಿದ್ರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದ್ರೆ ಒಂದೋ ಒಂದೂವರೆಯೋ ಪ್ರಿಂಟರ್ ಪೇಪರಿನಷ್ಟು ದಪ್ಪ ಅಷ್ಟೇ. ಅದರಲ್ಲಿ ಕ್ಲಿಯರ್ ಕೋಟ್ 40-50 ಮೈಕ್ರಾನ್ ಇರಬಹುದು. ಗೀರು ಈ ಕ್ಲಿಯರ್ ಕೋಟಲ್ಲೇ ನಿಂತಿದ್ರೆ ಅದರ ಮೇಲೆ ನೀರು ಹಾಕಿದಾಗ ಮಾಯ ಆಗತ್ತೆ, ಯಾಕಂದ್ರೆ ಗೀರಿನ ಗುಂಡಿ ತುಂಬ್ಕೊಂಡು ಬೆಳಕು ಚದುರೋದು ನಿಲ್ಲತ್ತೆ. ನೀರು ಹಾಕಿದ್ರೂ ಕಾಣ್ತಾ ಇದ್ರೆ ಬಣ್ಣದವರೆಗೋ ಪ್ರೈಮರ್‌ವರೆಗೋ ಇಳಿದಿದೆ ಅಂತ ಅರ್ಥ. ಉಗುರು ಅಡ್ಡ ಎಳೆದು ನೋಡೋದೂ ಒಂದು ದಾರಿ, ಉಗುರು ಸಿಕ್ಕಿಹಾಕ್ಕೊಂಡ್ರೆ ಆಳ ಇದೆ ಅಂತ ಲೆಕ್ಕ.

ನಾನು ಹೂವಿನ ಮೇಲೆ ನೀರು ಸುರಿದೆ. ಐದೂ ಎಸಳು ಕಣ್ಮುಂದೆನೇ ಮರೆಯಾಗಿಹೋಯ್ತು. ಎರಡು ಎಲೆಯಲ್ಲಿ ಒಂದು ಹೋಯ್ತು, ಇನ್ನೊಂದು ಅರ್ಧ ಹೋಯ್ತು. ಕಾಂಡ ಮಾತ್ರ ಹಾಗೇ ನಿಂತಿತ್ತು, ಬೂದು ಬಣ್ಣದ ಗೆರೆ, ಪ್ರೈಮರ್ರು. ಎಸಳು ಸುತ್ತೋವಾಗ ಕೈ ಹಗುರ ಇಟ್ಟಿದ್ದಾಳೆ, ಕಾಂಡ ಎಳೆಯೋವಾಗ ಮೇಲಿಂದ ಕೆಳಕ್ಕೆ ಒತ್ತಿ ಎಳೆದಿದ್ದಾಳೆ. ಒಂದೇ ಕಲ್ಲು, ಒಂದೇ ಮಗು, ಒಂದೇ ನಿಮಿಷದಲ್ಲಿ ಆಗಿದ್ದು, ರಿಪೇರಿ ಮಾತ್ರ ಎರಡು ಥರ.

ಬಂಪರಿನ ಕಪ್ಪು ಪಟ್ಟೆಗೆ ಕಿಟ್ಟೇ ಬೇಕಾಗ್ಲಿಲ್ಲ. ಅದು ಗೀರೇ ಅಲ್ಲ, ಹ್ಯಾಂಡಲ್ಲಿನ ರಬ್ಬರ್ ಬಂಪರಿಗೆ ಮೆತ್ಕೊಂಡಿದ್ದು. ಶಾಂಪೂ ನೀರಲ್ಲಿ ತೊಳೆದು, ಐಸೋಪ್ರೊಪೈಲ್ ಆಲ್ಕೋಹಾಲಿಗೆ ಅಷ್ಟೇ ನೀರು ಬೆರೆಸಿ ಮೈಕ್ರೋಫೈಬರ್ ಬಟ್ಟೆಯಲ್ಲಿ ಮೆತ್ತಗೆ ಒರೆಸಿದ್ರೆ ಬಿಟ್ಕೊಂಡು ಬಂತು. ಮಕ್ಕಳು ಸೈಕಲ್ಲು ಸ್ಕೂಟಿ ತಾಗಿಸಿ ಆಗೋ ಎಷ್ಟೋ ಕಲೆ ಈ ಥರದ್ದೇ ಇರ್ತಾವೆ, ದಯವಿಟ್ಟು ಮಗುವನ್ನ ಕರೆದು ಬೈಯೋ ಮುಂಚೆ ಒಂದ್ಸಲ ಒರೆಸಿ ನೋಡಿ.

ಇನ್ನು ಕಿಟ್ಟು. ನಾನು ಮೊದಲು ತಗೊಂಡಿದ್ದು ಒಂದೇ ಟ್ಯೂಬಿನ ಸ್ಕ್ರಾಚ್ ರಿಮೂವರ್, ಡಬ್ಬಿ ಮೇಲೆ ಒಂದೇ ಸಲಕ್ಕೆ ಎಲ್ಲಾ ಗೀರೂ ಮಾಯ ಅಂತ ಬರೆದಿತ್ತು. ಬ್ಯಾಗ್ ಜಿಪ್ಪಿನ ಗೀರಿಗೆ ಹಚ್ಚಿ ಉಜ್ಜಿದೆ, ಹೋಗೇಬಿಡ್ತು, ಎಷ್ಟು ಖುಷಿ ಆಯ್ತು ಅಂದ್ರೆ ಮನೆಯವ್ರನ್ನೆಲ್ಲಾ ಕರೆದು ತೋರಿಸ್ದೆ. ಮೂರನೇ ಸಲ ಕಾರು ತೊಳೆದಾಗ ಗೀರು ವಾಪಸ್ ಬಂತು. ಆಮೇಲೆ ತಿಳೀತು, ಕೆಲವು ಟ್ಯೂಬಲ್ಲಿ ಉಜ್ಜೋ ಪುಡಿಗಿಂತ ಎಣ್ಣೆ, ವ್ಯಾಕ್ಸೇ ಜಾಸ್ತಿ, ಗೀರನ್ನ ತೆಗೆಯಲ್ಲ, ತುಂಬಿ ಮುಚ್ಚತ್ತೆ ಅಷ್ಟೇ, ನೀರು ಹಾಕಿದಾಗ ಮರೆ ಆದ ಹಾಗೇನೇ. ಇದನ್ನ ಪರೀಕ್ಷೆ ಮಾಡೋದು ಸುಲಭ, ಉಜ್ಜಿ ಆದಮೇಲೆ ಅದೇ ಆಲ್ಕೋಹಾಲ್ ನೀರಲ್ಲಿ ಒರೆಸಿ, ಎಣ್ಣೆ ಹೋಗತ್ತೆ, ಗೀರು ನಿಜವಾಗಿ ಹೋಗಿದ್ಯಾ ಇಲ್ವಾ ಅಂತ ಅಲ್ಲೇ ಕಾಣತ್ತೆ.

ಎರಡನೇ ಸಲ ತಗೊಂಡಿದ್ದು ಮೂರು ಭಾಗ ಇರೋ ಕಿಟ್ಟು: ರಬ್ಬಿಂಗ್ ಕಾಂಪೌಂಡು, ಅದಕ್ಕಿಂತ ನುಣುಪಾದ ಫಿನಿಶಿಂಗ್ ಪಾಲಿಶು, ಎರಡು ಫೋಮ್ ಪ್ಯಾಡು. ಇದನ್ನ ನಾನು ಪೂರ್ತಿ ಮನಸ್ಸಿಂದ ರೆಕಮೆಂಡ್ ಮಾಡ್ತೀನಿ. ಕಾಂಪೌಂಡಲ್ಲಿರೋ ಪುಡಿ ಗೀರಿನ ಸುತ್ತ ಇರೋ ಕ್ಲಿಯರ್ ಕೋಟನ್ನ ಒಂದೆರಡು ಮೈಕ್ರಾನ್ ತೆಳು ಮಾಡಿ ಗೀರಿನ ಅಂಚನ್ನ ಸಮ ಮಾಡತ್ತೆ, ಪಾಲಿಶು ಕಾಂಪೌಂಡ್ ಬಿಟ್ಟ ಮಂಜನ್ನ ತೆಗೆಯತ್ತೆ. ಕಡು ಬಣ್ಣದ ಕಾರು ಇರೋರು ಪಾಲಿಶ್ ಇಲ್ಲದೆ ಬರೀ ಕಾಂಪೌಂಡ್ ತಗೋಬೇಡಿ, ಬಿಸಿಲಲ್ಲಿ ನೋಡಿದ್ರೆ ಉಜ್ಜಿದ ಜಾಗ ಪೂರ್ತಿ ಜೇಡರ ಬಲೆ ಥರ ಸುತ್ತು ಸುತ್ತು ಗೆರೆ ಕಾಣತ್ತೆ.

ಮಾಡಿದ ರೀತಿ ಹೇಳ್ತೀನಿ. ಮೊದಲು ಚೆನ್ನಾಗಿ ತೊಳೆದು ಒಣಗಿಸಿದೆ, ಧೂಳಿನ ಮೇಲೆ ಉಜ್ಜಿದ್ರೆ ಹೊಸ ಗೀರು ನಾವೇ ಹಾಕಿದ ಹಾಗೆ. ನೆರಳಲ್ಲಿ ಮಾಡಿದೆ, ಪ್ಯಾನೆಲ್ ಮುಟ್ಟಿದ್ರೆ ತಣ್ಣಗಿರ್ಬೇಕು, ಬಿಸಿ ಇದ್ರೆ ಕಾಂಪೌಂಡ್ ಬೇಗ ಒಣಗಿ ಅಂಟ್ಕೊಳತ್ತೆ. ಡೋರ್ ಹಿಡಿ ಹತ್ರ ಇರೋ ಕಪ್ಪು ರಬ್ಬರಿಗೂ ಪ್ಲಾಸ್ಟಿಕ್ಕಿಗೂ ಮಾಸ್ಕಿಂಗ್ ಟೇಪ್ ಅಂಟಿಸಿದೆ, ಇದನ್ನ ಬಿಡಬೇಡಿ, ಕಾಂಪೌಂಡ್ ಅಲ್ಲಿ ಸೇರ್ಕೊಂಡು ಒಣಗಿದ್ರೆ ಬೆಳ್ಳಗೆ ಕೂತ್ಕೊಳತ್ತೆ, ತೆಗೆಯೋಕೆ ಹಲ್ಲುಜ್ಜೋ ಬ್ರಶ್ ಹಿಡಿದು ಅರ್ಧ ದಿನ ಕೂರಬೇಕು. ಕಡಲೆಬೀಜದಷ್ಟು ಕಾಂಪೌಂಡ್ ಪ್ಯಾಡಿಗೆ ಹಾಕ್ಕೊಂಡು ಅಂಗೈಯಗಲ ಜಾಗ ಮಾತ್ರ, ಉದ್ದಕ್ಕೆ ಒಂದಷ್ಟು ಸಲ, ಅಡ್ಡಕ್ಕೆ ಒಂದಷ್ಟು ಸಲ. ಬೆರಳಿಗೆ ಬಟ್ಟೆ ಸುತ್ಕೊಂಡು ಗೀರಿನ ಮೇಲೇ ಒತ್ತಿ ಉಜ್ಜೋಣ ಅನ್ಸತ್ತೆ, ಹಾಗೆ ಮಾಡಿದ್ರೆ ಅಷ್ಟೇ ಜಾಗದಲ್ಲಿ ಪೇಂಟ್ ತೆಳುವಾಗತ್ತೆ. ಡೋರಿನ ಮಡಿಕೆ ಗೆರೆ ಇರತ್ತಲ್ಲ, ಆ ಏಣಿನ ಮೇಲೆ ಪೇಂಟ್ ಮೊದಲೇ ತೆಳು, ಅಲ್ಲಿ ಉಜ್ಜಲೇಬೇಡಿ. ಬಟ್ಟೆ ನೆಲಕ್ಕೆ ಬಿದ್ರೆ ಪಕ್ಕಕ್ಕಿಡಿ, ಒಂದು ಮರಳಿನ ಕಣ ಸಾಕು.

ಜಿಪ್ಪಿನ ಗೀರು ಎರಡು ಸುತ್ತಿಗೆ ಹೋಯ್ತು, ಈ ಸಲ ಆಲ್ಕೋಹಾಲಲ್ಲಿ ಒರೆಸಿದ್ರೂ ಬರ್ಲಿಲ್ಲ. ಎಸಳಿಗೆ ನಾಲ್ಕು ಸುತ್ತು ಬೇಕಾಯ್ತು, ಪ್ರತಿ ಸುತ್ತಿಗೂ ಒರೆಸಿ ಮೊಬೈಲ್ ಟಾರ್ಚ್ ಓರೆ ಹಿಡಿದು ನೋಡ್ತಿದ್ದೆ, ಮೊದಲು ಚೂಪಾದ ಬಿಳಿ ಗೆರೆ, ಆಮೇಲೆ ಮಂಕು ಗೆರೆ, ಆಮೇಲೆ ಒಂದು ಕಡೆಯಿಂದ ಮಾತ್ರ ಕಾಣೋ ನೆರಳು. ಅಲ್ಲಿಗೆ ನಿಲ್ಲಿಸ್ದೆ. ಪೂರ್ತಿ ಹೋಗಲೇಬೇಕು ಅಂತ ಹಟ ಹಿಡಿದ್ರೆ ಕ್ಲಿಯರ್ ಕೋಟೇ ಹೋಗತ್ತೆ, ಬಿಸಿಲಿನ ಯುವಿ ಕಿರಣದಿಂದ ಕೆಳಗಿನ ಬಣ್ಣ ಕಾಯೋದು ಅದೇ, ಅದು ಹೋದ್ಮೇಲೆ ಪಾಲಿಶ್ ಮಾಡೋಕೆ ಏನೂ ಉಳಿಯಲ್ಲ.

ಕಾಂಡಕ್ಕೆ ಎಷ್ಟು ಉಜ್ಜಿದ್ರೂ ಪ್ರಯೋಜನ ಇಲ್ಲ, ಬಣ್ಣನೇ ಹೋಗಿರೋ ಜಾಗಕ್ಕೆ ಬಣ್ಣನೇ ಹಾಕ್ಬೇಕು. ಟಚ್ ಅಪ್ ಪೇಂಟ್ ತಗೊಂಡೆ. ಕಲರ್ ಹೆಸರು ನೋಡಿ ಅಂದಾಜಿಗೆ ತಗೋಬೇಡಿ, ಒಂದೇ ಕಂಪನಿಯಲ್ಲೂ ನೀಲಿ ನಾಲ್ಕೈದು ಇರ್ತಾವೆ. ಕಲರ್ ಕೋಡು ಸಾಮಾನ್ಯವಾಗಿ ಡ್ರೈವರ್ ಡೋರ್ ತೆಗೆದ್ರೆ ಕಾಣೋ ಕಂಬದ ಸ್ಟಿಕರ್ ಮೇಲೋ ಬಾನೆಟ್ ಒಳಗಿನ ಪ್ಲೇಟ್ ಮೇಲೋ ಇರತ್ತೆ. ಬಾಟ್ಲಿ ಜೊತೆ ಬಂದ ಬ್ರಶ್ ನೇಲ್ ಪಾಲಿಶ್ ಬ್ರಶ್ಶಿನಷ್ಟು ದಪ್ಪ, ಕೂದಲೆಳೆ ಗೀರಿಗೆ ಅದರಲ್ಲಿ ಬಳಿದ್ರೆ ಗೀರಿಗಿಂತ ಅಗಲವಾಗಿ ಮೆತ್ಕೊಳತ್ತೆ. ಟಚ್ ಅಪ್ ಬಾಟ್ಲಿಗೆ ನಾನು ಒಂದು ಮಾರ್ಕ್ ಕಡಿಮೆ ಕೊಡೋದು ಇದಕ್ಕೇ. ಟೂತ್‌ಪಿಕ್ ತುದಿ ಅದ್ದಿ ಗೀರಿನ ಒಳಗೆ ಮಾತ್ರ ಚುಕ್ಕಿ ಚುಕ್ಕಿ ಇಡ್ತಾ ಹೋದೆ, ಬಣ್ಣ ತಾನಾಗೇ ಹರಿದು ಗೆರೆ ತುಂಬ್ಕೊಂಡಿತು. ಒಣಗಿದ್ಮೇಲೆ ತಗ್ಗುತ್ತೆ, ಅದಕ್ಕೆ ತೆಳ್ಳಗೆ ಮೂರು ಸಲ ಹಾಕಿದೆ, ಮಧ್ಯೆ ಮಧ್ಯೆ ಒಣಗೋಕೆ ಬಿಟ್ಟು, ಕೊನೆಗೆ ಕ್ಲಿಯರ್. ಮೆಟಾಲಿಕ್ ಬಣ್ಣದಲ್ಲಿರೋ ಅಲ್ಯೂಮಿನಿಯಂ ಚೂರುಗಳು ಸ್ಪ್ರೇ ಮಾಡಿದಾಗ ಒಂದು ಥರ ಕೂರ್ತಾವೆ, ಕೈಯಲ್ಲಿ ಹಚ್ಚಿದಾಗ ಇನ್ನೊಂದು ಥರ, ಹಾಗಾಗಿ ಹತ್ತಿರದಿಂದ ನೋಡಿದ್ರೆ ಬಣ್ಣ ಸ್ವಲ್ಪ ಗಾಢ ಕಾಣತ್ತೆ. ನಾಲ್ಕು ಹೆಜ್ಜೆ ದೂರ ನಿಂತ್ರೆ ಕಾಣಲ್ಲ. ಇದನ್ನ 2000, 3000 ನಂಬರಿನ ಸ್ಯಾಂಡ್ ಪೇಪರಲ್ಲಿ ನೀರು ಹಾಕಿ ಸಮ ಮಾಡೋರು ಇದಾರೆ, ಅಭ್ಯಾಸ ಇಲ್ಲದವರು ಬೇಡ, ನಾನೂ ಮಾಡ್ಲಿಲ್ಲ.

ನನ್ನದರಲ್ಲಿ ಪ್ರೈಮರ್‌ವರೆಗೆ ಮಾತ್ರ ಹೋಗಿತ್ತು. ತಗಡು ಹೊಳೀತಾ ಕಾಣ್ತಿದ್ರೆ ತಡ ಮಾಡಬೇಡಿ, ತುಕ್ಕು ಹಿಡಿದು ಪಕ್ಕದ ಪೇಂಟಿನ ಅಡಿಗೂ ನುಗ್ಗತ್ತೆ. ಪ್ಲಾಸ್ಟಿಕ್ ಬಂಪರ್ ಆದ್ರೆ ತುಕ್ಕಿನ ಭಯ ಇಲ್ಲ, ನಿಧಾನಕ್ಕೆ ಮಾಡ್ಕೋಬಹುದು. ಮ್ಯಾಟ್ ಫಿನಿಶ್ ಕಾರಿದ್ರೆ ಈ ಕಿಟ್ಟು ಮುಟ್ಟಲೇಬೇಡಿ, ಉಜ್ಜಿದ ಜಾಗ ಹೊಳೆಯೋಕೆ ಶುರುವಾಗತ್ತೆ, ಮತ್ತೆ ಮ್ಯಾಟ್ ಆಗಲ್ಲ. ಟೂತ್‌ಪೇಸ್ಟ್ ಹಚ್ಚಿ ಅಂತ ಹೇಳೋರು ಸಿಕ್ಕೇ ಸಿಗ್ತಾರೆ, ಅದರಲ್ಲೂ ಉಜ್ಜೋ ಪುಡಿ ಇದೆ ನಿಜ, ಆದ್ರೆ ಅದು ಪೇಂಟಿಗೆ ಅಂತ ಮಾಡಿದ್ದಲ್ಲ, ಎಷ್ಟು ಒರಟು ಅಂತ ಗೊತ್ತಾಗಲ್ಲ.

ಇನ್ನೊಂದು ಮಾತು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಧೂಳು ಹಿಡಿದ ಕಾರಿನ ಮೇಲೆ ಮಕ್ಕಳು ಬೆರಳಲ್ಲಿ ಹೆಸರು ಬರೀತಾರಲ್ಲ, ತೊಳೆದ್ರೆ ಹೋಗತ್ತೆ ಅಂತ ನಾವು ಸುಮ್ಮನಿರ್ತೀವಿ. ಬೆರಳಿನ ಅಡಿ ಧೂಳಿನ ಕಣ ಎಳ್ಕೊಂಡು ಹೋಗಿ ಸಣ್ಣ ಗೀರು ಬೀಳತ್ತೆ, ತೊಳೆದ್ಮೇಲೂ ಬಿಸಿಲಿಗೆ ಓರೆಯಾಗಿ ನೋಡಿದ್ರೆ ಅಕ್ಷರ ಓದಬಹುದು. ನಾನು ಈಗ ವಾರಕ್ಕೊಂದು ಸಲ ತಪ್ಪದೇ ತೊಳೀತೀನಿ, ಬರೆಯೋಕೆ ಧೂಳೇ ಇಲ್ಲದಿದ್ರೆ ಬರೆಯೋ ಆಸೆನೂ ಬರಲ್ಲ. ಕಾರ್ ಕವರ್ ಹಾಕ್ತೀನಿ ಅನ್ನೋರು ಕಾರೂ ಕವರೂ ಎರಡೂ ಕ್ಲೀನ್ ಇದ್ದಾಗ ಮಾತ್ರ ಹಾಕಿ, ಇಲ್ಲಾಂದ್ರೆ ಗಾಳಿಗೆ ಕವರೇ ಉಜ್ಜತ್ತೆ. ಸೆರಾಮಿಕ್ ಕೋಟಿಂಗ್ ಮಾಡಿಸಿದ್ರೆ ಕಲ್ಲಿನ ಗೀರು ತಡೆಯತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ, ಅದು ಕೆಲವೇ ಮೈಕ್ರಾನ್ ಪದರ. ತಡೆಯೋ ತಾಕತ್ತು ಸ್ವಲ್ಪಮಟ್ಟಿಗೆ ಇರೋದು 150ರಿಂದ 200 ಮೈಕ್ರಾನ್ ದಪ್ಪದ ಪೇಂಟ್ ಪ್ರೊಟೆಕ್ಷನ್ ಫಿಲ್ಮಿಗೆ, ಅಂದ್ರೆ ಪೇಂಟ್ ಮೇಲೆ ಅಂಟಿಸೋ ಪಾರದರ್ಶಕ ಹಾಳೆಗೆ, ಅದರ ಖರ್ಚು ಬೇರೆ ಲೆಕ್ಕ.

ಪಕ್ಕದ ಮನೆಯವರಿಗೆ ನೀರು ಹಾಕಿದ ಫೋಟೋ, ಮುಂಚಿನ ಫೋಟೋ ಎರಡೂ ತೋರಿಸಿ, ಸರ್, ಡೋರ್ ಪೇಂಟ್ ಬೇಡ, ಪಾಲಿಶ್ ಕಿಟ್ಟು ಮತ್ತೆ ಟಚ್ ಅಪ್ ಬಾಟ್ಲಿ ಇಷ್ಟೇ ಆಗಿದ್ದು ಅಂದೆ. ಅವ್ರು ಅದರ ದುಡ್ಡು ಕೊಟ್ರು, ನಾನೂ ಬೇಡ ಅನ್ಲಿಲ್ಲ, ಕೊಟ್ಟಮೇಲೆ ಅವರಿಗೂ ಹಗುರ ಆಯ್ತು. ಮೊದಲ ಟ್ಯೂಬಿನ ದುಡ್ಡು ನಾನೇ ಮಾಡಿಕೊಂಡ ದಂಡ, ಅದನ್ನ ಅವರ ಲೆಕ್ಕಕ್ಕೆ ಸೇರಿಸ್ಲಿಲ್ಲ. ಟಚ್ ಅಪ್ ಹಾಕೋವಾಗ ಹುಡುಗಿ ಬಂದು ಪಕ್ಕದಲ್ಲಿ ಕೂತ್ಕೊಂಡು ನೋಡ್ತಿದ್ಲು. ಕಾಂಡದ ಮೇಲೆ ಚುಕ್ಕಿ ಇಡ್ತಾ ಇದ್ದೆ, "ಆಂಟಿ, ನನ್ ಹೂವು ಎಲ್ಲೋಯ್ತು?" ಅಂತ ಕೇಳಿದ್ಲು. ಒರೆಸ್ಬಿಟ್ಟೆ ಪುಟ್ಟಾ, ಕಾರಿಗೆ ನೋವಾಗತ್ತೆ, ಇನ್ಮೇಲೆ ಪೇಪರ್ ಮೇಲೆ ಬಿಡ್ಸು ಅಂದೆ. ಮಾರನೇ ದಿನ ವೈಪರ್ ಅಡಿ ಒಂದು ಹಾಳೆ ಸಿಕ್ಕಿಸಿದ್ಲು, ಐದು ಎಸಳು, ಎರಡು ಎಲೆ, ಕಾಂಡ ಇಲ್ಲೂ ಒತ್ತಿ ಒತ್ತಿ ಬರೆದಿದ್ದು, ಪೆನ್ಸಿಲ್ ತುದಿ ಹಾಳೆ ತೂತು ಮಾಡಿತ್ತು.