ಕ್ರಾಪ್‌ವಾಟ್ 8.0: ಎರಡು ಬೆಳೆ ಟೊಮೆಟೊಗೆ ಬಳಸಿ ನೋಡಿದ ಮೇಲೆ

ಕ್ರಾಪ್‌ವಾಟ್ ಅಂದರೆ ಬೆಳೆಗೆ ಎಷ್ಟು ನೀರು ಬೇಕು ಅಂತ ಲೆಕ್ಕ ಹಾಕುವ ತಂತ್ರಾಂಶ. ಮೊದಲೇ ಹೇಳಿಬಿಡುತ್ತೇನೆ, ಇದು ನೋಡೋಕೆ ಚೆನ್ನಾಗಿಲ್ಲ. ತೆರೆದರೆ ಹಳೇ ಸೈಬರ್ ಸೆಂಟರ್ ನೆನಪಾಗುತ್ತದೆ. ವಿಂಡೋಸ್ ಕಂಪ್ಯೂಟರ್ ಬೇಕು, ಕನ್ನಡ ಇಲ್ಲ. ಆದರೆ ಪುಕ್ಕಟೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರು ಮಾಡಿರುವುದು. ಕೋಲಾರ ಜಿಲ್ಲೆಯಲ್ಲಿರುವ ನಮ್ಮ ಒಂದು ಎಕರೆ ಟೊಮೆಟೊಗೆ ಎರಡು ಬೆಳೆ ಪೂರ್ತಿ ಇದನ್ನು ನಂಬಿ ಡ್ರಿಪ್ ಬಿಟ್ಟಿದ್ದೇನೆ. ಪೂರ್ತಿ ನಂಬಿಯೇ ಬಿಟ್ಟೆ ಅಂತಲೂ ಅಲ್ಲ, ಅದನ್ನು ಹೇಳೋಕೇ ಈ ಬರಹ.

ಇದಕ್ಕೂ ಮೊದಲು ದುಡ್ಡು ಕಟ್ಟಿ ಒಂದು ಆಪ್ ಹಾಕಿಕೊಂಡಿದ್ದೆ. ಹೆಸರು ಬೇಡ. ದಿನಾ ಬೆಳಿಗ್ಗೆ "ಇಂದು ಇಷ್ಟು ಲೀಟರ್" ಅಂತ ಮೆಸೇಜ್ ಬರುತ್ತಿತ್ತು. ಪಕ್ಕದ ತೋಟದ ಅಣ್ಣನಿಗೂ ಅದೇ ಆಪ್, ಅದೇ ಲೀಟರ್. ಅವರದು ಬರೀ ಮಣ್ಣು, ನನ್ನದು ಮಲ್ಚಿಂಗ್ ಪೇಪರ್, ಅಂದರೆ ನೆಲ ಮುಚ್ಚುವ ಪ್ಲಾಸ್ಟಿಕ್ ಹಾಳೆ ಹಾಸಿದ ಸಾಲು. ಇಬ್ಬರಿಗೂ ಒಂದೇ ಹೇಗೆ ಆಗುತ್ತದೆ? ಆಪಿನವರಿಗೆ ಫೋನ್ ಮಾಡಿ ಯಾವ ಬೆಳೆ ಗುಣಾಂಕ (ಬೆಳೆಗೆ ತಕ್ಕಂತೆ ನೀರಿನ ಲೆಕ್ಕ ತಿದ್ದುವ ಅಂಕಿ) ಹಾಕಿದ್ದೀರಿ ಅಂತ ಕೇಳಿದೆ. "ಸಾರ್, ಅದು ನಮ್ಮ ಅಲ್ಗಾರಿದಂ" ಅಂದರು. ಮಾರನೇ ತಿಂಗಳು ಕಟ್ಟಲಿಲ್ಲ.

ಕ್ರಾಪ್‌ವಾಟ್ ಏನನ್ನೂ ಮುಚ್ಚಿಡುವುದಿಲ್ಲ. ಲೆಕ್ಕದಲ್ಲಿ ಎರಡೇ ಭಾಗ. ಒಂದು, ಹವೆ ಎಷ್ಟು ನೀರು ಎಳೆಯುತ್ತದೆ ಅನ್ನುವುದು. ಅದನ್ನು ಇಟಿಓ ಅನ್ನುತ್ತಾರೆ. 12 ಸೆಂಟಿಮೀಟರ್ ಎತ್ತರದ, ನೀರಿಗೆ ಕೊರತೆ ಇಲ್ಲದ ಹಸಿರು ಹುಲ್ಲುಹಾಸು ದಿನಕ್ಕೆ ಎಷ್ಟು ನೀರು ಆವಿ ಮಾಡುತ್ತದೆ ಅಂತ ಪೆನ್‌ಮನ್ ಮಾಂಟೀತ್ ಸೂತ್ರದಿಂದ ತೆಗೆಯುವುದು. ಉಷ್ಣಾಂಶ, ತೇವಾಂಶ, ಗಾಳಿ, ಬಿಸಿಲಿನ ಗಂಟೆ ಕೊಟ್ಟರೆ ಸಾಕು. ಎರಡನೆಯದು ಬೆಳೆ ಗುಣಾಂಕ, ಕೆಸಿ. ಆ ಹುಲ್ಲಿಗೆ ಹೋಲಿಸಿದರೆ ನಮ್ಮ ಬೆಳೆ ಎಷ್ಟು ಪಟ್ಟು ಕುಡಿಯುತ್ತದೆ ಅನ್ನುವ ಅಂಕಿ. ಎರಡನ್ನೂ ಗುಣಿಸಿದರೆ ದಿನಕ್ಕೆ ಎಷ್ಟು ಮಿಲಿಮೀಟರ್ ಅಂತ ಬರುತ್ತದೆ. ಒಂದು ಎಕರೆಗೆ ಒಂದು ಮಿಲಿಮೀಟರ್ ಅಂದರೆ 4,047 ಲೀಟರ್.

ಗಾಳಿಯ ವಿಷಯದಲ್ಲಿ ಹುಷಾರಾಗಿರಿ. ನಾನು ಇದರಲ್ಲಿ ಒಂದು ವಾರ ಮೂರ್ಖನಾದೆ. ಫೋನಿನಲ್ಲಿ ಗಾಳಿ ಗಂಟೆಗೆ 8 ಕಿಲೋಮೀಟರ್ ಅಂತ ಕಾಣುತ್ತದೆ, ಇಲ್ಲಿ ಕೇಳುವುದು ದಿನಕ್ಕೆ ಎಷ್ಟು ಕಿಲೋಮೀಟರ್ ಅಂತ, ಅಂದರೆ 192. ನಾನು ಸುಮ್ನೆ 8 ಅಂತ ಹಾಕಿ, ಮಾರ್ಚ್ ಬಿಸಿಲಿನಲ್ಲೂ ಇಷ್ಟು ಕಮ್ಮಿ ನೀರಾ ಅಂತ ಖುಷಿಪಟ್ಟಿದ್ದೆ. ಇನ್ನೊಂದು, ಸೂತ್ರಕ್ಕೆ ಬೇಕಿರುವುದು ನೆಲದಿಂದ 2 ಮೀಟರ್ ಎತ್ತರದ ಗಾಳಿ. ನಿಮಗೆ ಸಿಕ್ಕಿದ್ದು 10 ಮೀಟರ್ ಎತ್ತರದ ಅಂಕಿ ಆಗಿದ್ದರೆ ಸುಮಾರು 0.75ರಿಂದ ಗುಣಿಸಿ ಹಾಕಬೇಕು. ಇದರ ಜೊತೆ ಬಳಸುವ ಕ್ಲೈಮ್‌ವಾಟ್‌ನಲ್ಲಿ 5,000ಕ್ಕೂ ಹೆಚ್ಚು ಕೇಂದ್ರಗಳ ಹವಾಮಾನ ಇದೆ, ಆದರೆ ಅದು ಹಲವು ವರ್ಷಗಳ ತಿಂಗಳ ಸರಾಸರಿ. ಬೆಳೆ ಹಾಕುವ ಮೊದಲು ಅಂದಾಜಿಗೆ ಸರಿ, ಈ ವಾರದ ಬಿಸಿಲು ಅದಕ್ಕೆ ಹೇಗೆ ಗೊತ್ತು?

ಈಗ ಅಸಲಿ ವಿಷಯ, ಕೆಸಿ. ಕ್ರಾಪ್‌ವಾಟ್ ಮಾಡಿದ ಸಂಸ್ಥೆಯೇ 1998ರಲ್ಲಿ ತಂದ 56ನೇ ನೀರಾವರಿ ಪುಸ್ತಕದ ಪಟ್ಟಿಯಲ್ಲಿ ಟೊಮೆಟೊಗೆ ಶುರುವಿನಲ್ಲಿ 0.6, ನಡುವಿನ ಹಂತದಲ್ಲಿ 1.15, ಕೊನೆಗೆ 0.7ರಿಂದ 0.9. ಈ ಅಂಕಿಗಳು ಗಾಳಿ ಸೆಕೆಂಡಿಗೆ 2 ಮೀಟರ್, ಮಧ್ಯಾಹ್ನದ ತೇವಾಂಶ 45 ಶೇಕಡಾ ಇರುವ ಕಡೆಗೆ. ಒಣ ಹವೆಗೆ ತಕ್ಕಂತೆ ತಂತ್ರಾಂಶ ಅದನ್ನು ಅಷ್ಟಿಷ್ಟು ಹೊಂದಿಸಿಕೊಳ್ಳುತ್ತದೆ, ಸರಿ. ಆದರೆ ನಾನು ನೀಲಗಿರಿ ಕಡ್ಡಿ ನೆಟ್ಟು, ದಾರ ಕಟ್ಟಿ ಗಿಡವನ್ನು ಎದೆಮಟ್ಟಕ್ಕೆ ಏರಿಸಿದ್ದೇನೆ ಅಂತ ಅದಕ್ಕೆ ಗೊತ್ತಿಲ್ಲ. ನೆಲಕ್ಕೆ ಪೇಪರ್ ಹಾಸಿದ್ದೇನೆ ಅಂತಲೂ ಗೊತ್ತಿಲ್ಲ. ಅದೇ ಪುಸ್ತಕದ ಅಡಿಟಿಪ್ಪಣಿಯಲ್ಲಿ ಕಡ್ಡಿ ಕೊಟ್ಟ ಟೊಮೆಟೊಗೆ 1.2 ಹಾಕಿ ಅಂತಿದೆ. ಇನ್ನೊಂದು ಕಡೆ ಪ್ಲಾಸ್ಟಿಕ್ ಹೊದಿಕೆ ಇದ್ದರೆ ಕೆಸಿ 10ರಿಂದ 30 ಶೇಕಡಾ ಇಳಿಯುತ್ತದೆ ಅಂತಿದೆ. ಕಡ್ಡಿ ಏರಿಸುತ್ತದೆ, ಪೇಪರ್ ಇಳಿಸುತ್ತದೆ. ಹಾಗಾದರೆ ಹತ್ತಾ, ಮೂವತ್ತಾ? ಅದನ್ನು ನಮ್ಮ ಹೊಲದಲ್ಲೇ ತೆಗೆಯಬೇಕು.

ವಿಜ್ಞಾನಿಗಳು ಇದಕ್ಕೆ ಲೈಸಿಮೀಟರ್ ಇಡುತ್ತಾರೆ. ಮಣ್ಣು, ಗಿಡ ಸಮೇತ ಒಂದು ತೊಟ್ಟಿಯನ್ನೇ ತೂಗುವುದು. ನನ್ನ ಹತ್ತಿರ ಇದ್ದದ್ದು ಮೇನ್ ಪೈಪಿಗೆ ಹಾಕಿದ ನೀರಿನ ಮೀಟರ್, ಎರಡು ಟೆನ್ಷಿಯೋಮೀಟರ್ (ಮಣ್ಣು ಎಷ್ಟು ಒಣಗಿದೆ ಅಂತ ಮುಳ್ಳಿನಲ್ಲಿ ತೋರಿಸುವ ಕೊಳವೆ), ಒಂದು ನೋಟ್‌ಬುಕ್. ಮಳೆ ಇಲ್ಲದ ಹೊತ್ತು ಆರಿಸಿಕೊಂಡು ಏಳೇಳು ದಿನದ ಲೆಕ್ಕ ಇಟ್ಟೆ. ಬೇರಿನ ಬುಡದಲ್ಲೊಂದು, ಬೇರಿನ ಕೆಳಗೊಂದು ಟೆನ್ಷಿಯೋಮೀಟರ್. ವಾರದ ಮೊದಲ ದಿನ ಇದ್ದ ಮುಳ್ಳು ಕೊನೆಯ ದಿನವೂ ಹೆಚ್ಚುಕಮ್ಮಿ ಅಲ್ಲೇ ನಿಂತರೆ, ಕೊಟ್ಟ ನೀರೆಲ್ಲ ಗಿಡದ ಮೂಲಕ, ಮಣ್ಣಿನಿಂದ ಮೇಲಕ್ಕೇ ಹೋಗಿದೆ, ಕೆಳಕ್ಕೆ ಸೋರಿಲ್ಲ ಅಂತ ಅರ್ಥ. ಮೊದಲ ವಾರ ಕೆಳಗಿನ ಮುಳ್ಳು ದಿನದಿನಕ್ಕೂ ತೇವದ ಕಡೆ ಜರುಗಿತು, ಅಂದರೆ ಜಾಸ್ತಿ ಬಿಡುತ್ತಿದ್ದೆ. ಕಡಿಮೆ ಮಾಡುತ್ತಾ ಹೋಗಿ ಮೂರನೇ ವಾರಕ್ಕೆ ನಿಂತಿತು. ಆ ವಾರ ಮೀಟರ್ ಪ್ರಕಾರ 1,54,000 ಲೀಟರ್, ಅಂದರೆ 38 ಮಿಲಿಮೀಟರ್. ಆ ಏಳು ದಿನದ ಇಟಿಓ ಒಟ್ಟು 42. ಭಾಗಿಸಿದರೆ 0.9.

ಪಟ್ಟಿಯ ನಡುವಿನ ಹಂತದ 1.15 ಎಲ್ಲಿ, ನಮ್ಮ 0.9 ಎಲ್ಲಿ! ದಿನಕ್ಕೆ 6 ಮಿಲಿಮೀಟರ್ ಇಟಿಓ ಇದ್ದಾಗ ಮೊದಲನೆಯದಕ್ಕೆ ಸುಮಾರು 28,000 ಲೀಟರ್, ಎರಡನೆಯದಕ್ಕೆ 22,000. ನಮ್ಮ ಬೋರು ಗಂಟೆಗೆ 5,000 ಲೀಟರ್ ಕೊಡುತ್ತದೆ, ತೊಟ್ಟಿ ತುಂಬಿಸಿ ನೋಡಿದ್ದೇನೆ. ಒಂದು ಗಂಟೆಗೂ ಮೇಲೆ ಮೋಟಾರ್ ಉಳಿಯಿತು, ಆ ನೀರು ಹಿಪ್ಪುನೇರಳೆಗೆ ಹೋಯಿತು. ಟೊಮೆಟೊ ಇಳುವರಿ ಜಾಸ್ತಿ ಆಯಿತು ಅಂತ ನಾನು ಹೇಳುವುದಿಲ್ಲ, ಎಂದಿನಷ್ಟೇ ಬಂತು. ಅಪ್ಪ ಮಾತ್ರ ಇವತ್ತಿಗೂ ಪೇಪರಿನ ತೂತಿನಲ್ಲಿ ಬೆರಳು ತೂರಿಸಿ, ಮಣ್ಣು ಉಂಡೆ ಕಟ್ಟುತ್ತದಾ ನೋಡಿಯೇ ಗೇಟ್‌ವಾಲ್ವ್ ತಿರುಗಿಸುವುದು. ಹೆಚ್ಚಿನ ದಿನ ಅವರ ಬೆರಳು, ನನ್ನ ಲೆಕ್ಕ ಎರಡೂ ಒಂದೇ ಹೇಳುತ್ತವೆ. ಹೇಳದ ದಿನ ಮನೆಯಲ್ಲಿ ಮಾತು ಬೆಳೆಯುತ್ತದೆ, ಅದು ಬೇರೆ ಕಥೆ.

ಕೆಸಿಯನ್ನು ನಾವೇ ತಿದ್ದಿ ನಮ್ಮದೇ ಬೆಳೆ ಫೈಲ್ ಉಳಿಸಿಕೊಳ್ಳಬಹುದು. ನನಗೆ ಇದರಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಪಕ್ಕದ ಅಣ್ಣ "ನಿನ್ನ 0.9 ನಂಗೂ ಹಾಕಿಕೊಡಪ್ಪ" ಅಂದರು, ಕೊಡಲಿಲ್ಲ. ಪೇಪರ್ ಇಲ್ಲದ ಹೊಲಕ್ಕೆ ಅದನ್ನು ಹಾಕಿದರೆ ಗಿಡ ಬಾಡುತ್ತದೆ, ಬೈಗುಳ ನನಗೆ ಬರುತ್ತದೆ. ಅವರ ಹೊಲದಲ್ಲೇ ಒಂದು ವಾರ ಮೀಟರ್ ಇಟ್ಟು ನೋಡೋಣ ಅಂದಿದ್ದೇನೆ.

ಟೆನ್ಷಿಯೋಮೀಟರ್ ಕಷ್ಟ ಅನ್ನುವವರಿಗೆ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆಯವರ ತೇವಾಂಶ ಸೂಚಕ ಇದೆ. ಮಣ್ಣಿಗೆ ಚುಚ್ಚಿದರೆ ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪ ಹತ್ತುತ್ತದೆ. ಅಂಕಿ ಸಿಗುವುದಿಲ್ಲ, ಆದರೆ ನೀರು ಬಿಡಬೇಕಾ ಬೇಡವಾ ಅನ್ನುವುದಕ್ಕೆ ಸಾಕು.

ಕ್ರಾಪ್‌ವಾಟ್‌ಗೆ ನನ್ನ ಕಡೆಯಿಂದ 5ಕ್ಕೆ 4. ಒಂದು ಕಳೆದದ್ದು ಫೋನಿನಲ್ಲಿ ಇಲ್ಲದ್ದಕ್ಕೆ. ತೋಟದಿಂದ ಮನೆಗೆ ಬಂದು ಲ್ಯಾಪ್‌ಟಾಪ್ ತೆರೆಯುವಷ್ಟರಲ್ಲಿ ತ್ರೀ ಫೇಸ್ ಕರೆಂಟ್ ಹೋಗಿರುತ್ತದೆ, ಅಲ್ವಾ. ಮುಳಬಾಗಿಲು, ಶ್ರೀನಿವಾಸಪುರ ಕಡೆ ಯಾರಾದರೂ ಪೇಪರ್ ಹಾಕಿದ ಟೊಮೆಟೊಗೆ ಹೂ ಬಿಡುವ ಹೊತ್ತಿನ ಅಂಕಿ ತೆಗೆದಿದ್ದರೆ ತಿಳಿಸಿ. ನಾನು ಎರಡು ಸಲ ಶುರು ಮಾಡಿದೆ, ಎರಡು ಸಲವೂ ಐದನೇ ದಿನಕ್ಕೆ ಮಳೆ ಬಂತು.