ಎರಡು ಸರ್ವರ್‌ಗಳ ಚಿತ್ರಗಳನ್ನು ಹೀಗೆ ಹೊಂದಿಸಲು ಬಿಡಬೇಡಿ

ಜಾಲತಾಣವನ್ನು ಎರಡು ಸರ್ವರ್‌ಗಳ ಮೇಲೆ ನಡೆಸಲು ಹೊರಟವರು, ಏರಿಸಿದ ಚಿತ್ರಗಳು ಎಲ್ಲಿ ಉಳಿಯುತ್ತವೆ ಎಂದು ಮೊದಲೇ ಕೇಳಿ ತಿಳಿಯಿರಿ. ಇಳಕಲ್ಲಿನ ಕೆಲವು ನೇಕಾರ ಕುಟುಂಬಗಳು ಸೇರಿ ನಡೆಸುವ ಸೀರೆ ಮಾರಾಟದ ತಾಣವನ್ನು ನಾನು ನೋಡಿಕೊಳ್ಳುತ್ತೇನೆ. ಸರ್ವರ್‌ಗಳ ಹೊಣೆ ಹೊತ್ತಿದ್ದ ಬೆಳಗಾವಿಯ ಗುತ್ತಿಗೆದಾರರ ಅಸಡ್ಡೆಯಿಂದ ಆ ತಾಣದ ಚಿತ್ರಗಳೆಲ್ಲ ಅಳಿಸಿಹೋದವು.

ದೀಪಾವಳಿ ವ್ಯಾಪಾರಕ್ಕೆ ಒಂದು ಸರ್ವರ್ ಸಾಲದೆಂದು ಇನ್ನೊಂದನ್ನು ಸೇರಿಸಿ, ಎರಡರ ಮುಂದೆ ಲೋಡ್ ಬ್ಯಾಲೆನ್ಸರ್ (ಬರುವ ಗ್ರಾಹಕರನ್ನು ಎರಡಕ್ಕೂ ಹಂಚುವ ವ್ಯವಸ್ಥೆ) ಇಟ್ಟರು. ಡೇಟಾಬೇಸ್ ಎರಡಕ್ಕೂ ಒಂದೇ. ಚಿತ್ರಗಳ ಫೋಲ್ಡರ್ ಮಾತ್ರ ಆಯಾ ಸರ್ವರ್‌ನ ಡಿಸ್ಕ್‌ನಲ್ಲಿ. ಹೊಸ ಸೀರೆಯ ಚಿತ್ರ ಒಂದರಲ್ಲಿ ಬಿದ್ದರೆ, ಇನ್ನೊಂದಕ್ಕೆ ಹೋದ ಗ್ರಾಹಕರಿಗೆ ಹೆಸರು, ಬೆಲೆ ಎಲ್ಲ ಕಾಣುತ್ತಿತ್ತು, ಚಿತ್ರ ಕೇಳಿದರೆ 404, ಅಂದರೆ ‘ಸಿಗಲಿಲ್ಲ’ ಎಂಬ ಉತ್ತರ. ದೂರು ಕೊಟ್ಟಾಗ ಬಂದ ಉತ್ತರ: ‘ನಮಗೆ ಕಾಣಿಸುತ್ತಿದೆಯಲ್ಲ ಸರ್.’ ಅವರಿಗೆ ಕಾಣಿಸಲೇಬೇಕು. ಸ್ಟಿಕಿ ಸೆಷನ್ ಹಾಕಿದ್ದರಿಂದ ಚಿತ್ರ ಏರಿಸಿದವರು ಮತ್ತೆ ಮತ್ತೆ ಅದೇ ಸರ್ವರ್‌ಗೆ ಹೋಗುತ್ತಿದ್ದರು. ಸ್ಟಿಕಿ ಸೆಷನ್ ಈ ತೊಂದರೆಗೆ ಪರಿಹಾರವಲ್ಲ, ತೊಂದರೆಯನ್ನು ನಿಮ್ಮಿಂದ ಮುಚ್ಚಿಡುತ್ತದೆ.

ಕೊನೆಗೆ ಒಪ್ಪಿಕೊಂಡು ಅವರು ಮಾಡಿದ್ದು ಇನ್ನೂ ಅಪಾಯದ ಕೆಲಸ. ಕಡತಗಳನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲಿಸುವ ಆರ್‌ಸಿಂಕ್ ಬಳಸಿ, ಡಿಲೀಟ್ ಆಯ್ಕೆಯೊಂದಿಗೆ, ಎರಡೂ ದಿಕ್ಕಿನಲ್ಲಿ ಕ್ರಾನ್ ಕೆಲಸ (ಗೊತ್ತಾದ ವೇಳೆಗೆ ತಾನೇ ಓಡುವ ಕೆಲಸ) ಹಚ್ಚಿದರು. ಆ ಆಯ್ಕೆಯ ಅರ್ಥ, ಮೂಲದಲ್ಲಿ ಇಲ್ಲದ ಕಡತವನ್ನು ಗುರಿಯಲ್ಲಿ ಅಳಿಸು ಎಂದು. ಎರಡನೆಯ ಸರ್ವರ್‌ಗೆ ಈಗಷ್ಟೇ ಬಂದ ಚಿತ್ರ ಮೊದಲನೆಯದರಲ್ಲಿ ಇರುವುದಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ನಕಲಿಸುವ ಸರದಿ ಮುಂಚೆ ಬಂದರೆ ಹೊಸ ಚಿತ್ರ ಅಲ್ಲಿಗೇ ಮುಗಿಯಿತು. ಕಡತ ಹೊಸದೋ, ಬೇಡವೆಂದು ತೆಗೆದದ್ದೋ ಎಂದು ಆರ್‌ಸಿಂಕ್ ನೆನಪಿಟ್ಟುಕೊಳ್ಳುವುದಿಲ್ಲ. ಚಿತ್ರಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು.

ಆಮೇಲೆ ಮೊದಲ ಸರ್ವರ್ ಮರುಚಾಲನೆಯಾದಾಗ ಚಿತ್ರಗಳ ಡಿಸ್ಕ್ ಮೌಂಟ್ ಆಗಲಿಲ್ಲ, ಅಂದರೆ ವ್ಯವಸ್ಥೆಗೆ ಜೋಡಣೆಯಾಗಲಿಲ್ಲ. ಅದರ ಜಾಗದಲ್ಲಿದ್ದದ್ದು ಖಾಲಿ ಫೋಲ್ಡರ್. ಓದುವಾಗ ದೋಷ ಕಂಡರೆ ಆರ್‌ಸಿಂಕ್ ಅಳಿಸುವುದನ್ನು ತಾನೇ ನಿಲ್ಲಿಸುತ್ತದೆ, ಆದರೆ ಖಾಲಿ ಫೋಲ್ಡರ್ ದೋಷವಲ್ಲ. ಎರಡನೆಯ ಸರ್ವರ್ ಬರಿದಾಯಿತು. ರಾತ್ರಿಯ ಬ್ಯಾಕಪ್ ಕೂಡ ಅದೇ ಡಿಲೀಟ್ ಆಯ್ಕೆಯಿಂದ ನಡೆಯುವ ಪ್ರತಿಬಿಂಬವಾಗಿತ್ತು, ಅದೂ ಬರಿದಾಯಿತು. ಮೊದಲ ಡಿಸ್ಕನ್ನು ತೆಗೆದು ನೋಡಿದರೆ, ಮೌಂಟ್ ಆಗದೇ ಇದ್ದದ್ದು ಅದು ಕೆಟ್ಟಿದ್ದರಿಂದಲೇ.

ಹೋದದ್ದು ಬರೀ ಕಡತಗಳಲ್ಲ. ಗೋಮಿ ದಡಿ, ಚಿಕ್ಕಿ ದಡಿ, ಕೆಂಪು ಸೆರಗಿನ ತೋಪು ತೆನೆ, ಕಸೂತಿ ಹಾಕಿದ ಸೀರೆಗಳು, ಹೇಳಿ ಮಾಡಿಸಿಕೊಂಡವರ ಮನೆ ಸೇರಿದವು. ಅವನ್ನು ಮತ್ತೆ ತರಿಸಿ ಚಿತ್ರ ತೆಗೆಯಲು ಬರುವುದಿಲ್ಲ. ‘ಇಂಥದ್ದೇ ಬೇಕು’ ಎಂದು ಗ್ರಾಹಕರು ಬೆರಳಿಟ್ಟು ತೋರಿಸುತ್ತಿದ್ದದ್ದು ಆ ಚಿತ್ರಗಳನ್ನೇ. ಗುತ್ತಿಗೆದಾರರು ಕೊಟ್ಟದ್ದು ಒಂದು ತಿಂಗಳ ಬಾಡಿಗೆ ಮಾಫಿ.

ಈಗ ಚಿತ್ರಗಳು ವೆಬ್ ಸರ್ವರ್‌ಗಳ ಹೊರಗೆ, ಆಬ್ಜೆಕ್ಟ್ ಸ್ಟೋರೇಜ್ ಎಂಬ ಪ್ರತ್ಯೇಕ ಕಡತ ಸಂಗ್ರಹದಲ್ಲಿವೆ. ವರ್ಷನಿಂಗ್ ಚಾಲನೆಯಲ್ಲಿರುವುದರಿಂದ ಅಳಿಸಿದ ಕಡತದ ಹಳೆಯ ಪ್ರತಿ ಉಳಿಯುತ್ತದೆ. ಎನ್‌ಎಫ್‌ಎಸ್ (ಒಂದು ಯಂತ್ರದ ಫೋಲ್ಡರನ್ನು ಜಾಲದ ಮೇಲೆ ಬೇರೆ ಯಂತ್ರಗಳಿಗೆ ಕೊಡುವ ವಿಧಾನ) ಮೂಲಕ ಒಂದೇ ಫೋಲ್ಡರನ್ನು ಎರಡೂ ಸರ್ವರ್‌ಗಳಿಗೆ ಕೊಡುವುದೂ ನಡೆಯುತ್ತದೆ. ಆದರೆ ಹಾರ್ಡ್ ಮೌಂಟ್ ಇದ್ದಾಗ ಕಡತದ ಸರ್ವರ್ ನಿಂತರೆ, ಆ ಫೋಲ್ಡರ್ ಮುಟ್ಟಿದ ಪ್ರತಿ ಪ್ರಕ್ರಿಯೆಯೂ ಕಾಯುತ್ತಾ ಕೂರುತ್ತದೆ, ತಾಣವೇ ಸ್ತಬ್ಧವಾಗಬಹುದು. ಸ್ವಲ್ಪ ಕಾದು ಕೈಬಿಡುವ ಸಾಫ್ಟ್ ಮೌಂಟ್ ಮಾಡಿದರೆ ಅರ್ಧ ಬರೆದ ಕಡತಗಳ ಭಯ. ಎರಡೂ ಕಡೆ ಬಳಕೆದಾರರನ್ನು ವ್ಯವಸ್ಥೆ ಗುರುತಿಸುವ ಯುಐಡಿ ಸಂಖ್ಯೆ ಒಂದೇ ಇರಬೇಕು, ಇಲ್ಲದಿದ್ದರೆ ಅನುಮತಿ ನಿರಾಕರಣೆ.

ಆರ್‌ಸಿಂಕನ್ನೇ ಬಳಸುವ ಅನಿವಾರ್ಯತೆ ಇದ್ದರೆ ಒಂದೇ ದಿಕ್ಕಿನಲ್ಲಿ ನಡೆಸಿ, ಎಲ್ಲ ಚಿತ್ರಗಳೂ ಮೂಲ ಸರ್ವರ್‌ಗೇ ಏರುವಂತೆ ಲೋಡ್ ಬ್ಯಾಲೆನ್ಸರ್‌ನಲ್ಲಿ ನಿಯಮ ಹಾಕಿಸಿ. ಮ್ಯಾಕ್ಸ್‌-ಡಿಲೀಟ್ ಆಯ್ಕೆಯಿಂದ ಅಳಿಸುವುದಕ್ಕೆ ಮಿತಿ ಹಾಕಿ, ಮೌಂಟ್ ಆಗಿದೆಯೇ ಎಂದು ಪರೀಕ್ಷಿಸದೆ ಕ್ರಾನ್ ಓಡದಂತೆ ಮಾಡಿ. ಹಣ ಪಾವತಿಸುವ ಮೊದಲು ಗುತ್ತಿಗೆದಾರರ ಎದುರಿಗೇ ಒಂದು ಚಿತ್ರ ಏರಿಸಿ, ಪ್ರತಿ ಸರ್ವರ್‌ನ ಐಪಿ ವಿಳಾಸಕ್ಕೆ ನೇರವಾಗಿ ಹೋಗಿ ನೋಡಿ. ನಂತರ ಆ ಚಿತ್ರವನ್ನು ಅಳಿಸಿ, ಬ್ಯಾಕಪ್‌ನಿಂದ ಮರಳಿ ತರಲು ಹೇಳಿ.